ಎರಡು ಸಲ ಕೂರಿಸುವವರು

ಊಟದ ಮೇಜಿನ ಎಡಗಡೆಯ ಎರಡು ಕಾಲುಗಳ ಕೆಳಗೆ ಕಲ್ಲಿನ ಚೂರು ಇಟ್ಟವನು ಮೇಸ್ತ್ರಿಯೇ. ಇಟ್ಟು, ಎದ್ದು, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಈಗ ನೆಟ್ಟಗಾಯ್ತು. ಇಷ್ಟು ದಿನ ಇಂಥಾ ಸೊಟ್ಟ ಮೇಜಿನ ಮೇಲೆ ಹೇಗ್ರೋ ಉಣ್ತಿದ್ರಿ?" ಎಂದ.

ಮೇಜು ಅಲ್ಲಿಯವರೆಗೆ ನೆಟ್ಟಗೇ ಇತ್ತು. ಸೊಟ್ಟಗಾದದ್ದು ಆವಾಗ. ಮನೆಯಲ್ಲಿ ಬಾಯಿ ಇರುವವರು ಇನ್ನೂ ಐದು ಜನ ಇದ್ದರು: ಮೇಸ್ತ್ರಿಯ ಹೆಂಡತಿ, ಅವನ ಮುದಿ ತಾಯಿ, ಮಗ, ಸೊಸೆ, ಮದುವೆಯಾಗದ ಮಗಳು. ಒಬ್ಬರಾದರೂ ತುಟಿ ಪಿಟಕ್ಕೆನ್ನಬೇಕಲ್ಲ! ಅಂದು ರಾತ್ರಿ ಬಡಿಸಿದಾಗ ಸಾರು ತಟ್ಟೆಯ ಬಲದಂಚಿಗೆ ಬಂದು ನಿಂತಿತು. ಬಲಗಡೆ ಕೂತಿದ್ದ ಅಜ್ಜಿಯ ನೀರಿನ ಲೋಟ ಮೆಲ್ಲಗೆ ಜಾರತೊಡಗಿತು.

"ಅಯ್ಯಯ್ಯೋ, ನನ್ನ ಲೋಟ ನಡ್ಕೊಂಡು ಹೋಗ್ತಿದೆ ನೋಡ್ರೇ!" ಎಂದಳು ಅಜ್ಜಿ.

ಮೇಸ್ತ್ರಿಯ ಹೆಂಡತಿ ಮೇಜಿನ ಕೆಳಗೆ ಅತ್ತೆಯ ಕಾಲನ್ನು ಒತ್ತಿದಳು.

"ನನ್ನ ಕಾಲು ಯಾಕೆ ತುಳೀತೀಯೆ? ಲೋಟ ನಡೀತಿದೆ ಅಂದ್ರೆ..."

"ನಿಮ್ಮ ಕೈ ನಡುಗ್ತಿದೆ ಅತ್ತೆ, ಅಷ್ಟೇ. ಉಣ್ಣಿ."

ಮೇಸ್ತ್ರಿ ನಕ್ಕ. "ವಯಸ್ಸಾಯ್ತಲ್ಲಮ್ಮಾ ನಿನಗೆ" ಎಂದ. ಅಜ್ಜಿ ಮಗನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು, ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಮೇಸ್ತ್ರಿಯ ಸೊಸೆ ಎಡಗೈಯಿಂದ ತಟ್ಟೆಯ ಅಂಚು ಹಿಡಿದು ಬಲಗೈಯಲ್ಲಿ ಉಂಡಳು. ಅವತ್ತಿನಿಂದ ಆ ಮನೆಯಲ್ಲಿ ಊಟ ಎಂದರೆ ಹೀಗೆಯೇ ನಡೆಯಿತು.

ಮೇಸ್ತ್ರಿಯ ಕೆಲಸ ಜನರ ಹಿತ್ತಲಿಗೆ ಕಲ್ಲು ಹಾಸುವುದು. ಸಿಮೆಂಟಿನ ಇಂಟರ್‌ಲಾಕ್ ಕಲ್ಲು, ಬೂದು ಬಣ್ಣದ್ದು, ಕೆಂಪು ಬಣ್ಣದ್ದು. ಮಣ್ಣು ಅಗೆದು, ಜಲ್ಲಿ ಸುರಿದು ಕುಟ್ಟಿ, ಮೇಲೆ ಮರಳು ಹರಡಿ ಎಳೆದು, ಒಂದೊಂದೇ ಕಲ್ಲು ಕೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ, ಸಂದಿಗೆ ಸಣ್ಣ ಮರಳು ತುಂಬುವ ಕೆಲಸ. ನೋಡಿದವರಿಗೆ ಇದೇನು ಮಹಾ ಅನಿಸುತ್ತದೆ. ಆದರೆ ಹಾಸಿದ ಕಲ್ಲು ಕಣ್ಣಿಗೆ ಮಟ್ಟಸವಾಗಿ ಕಾಣಬೇಕು, ನೀರಿಗೆ ಮಾತ್ರ ಇಳಿಜಾರು ಗೊತ್ತಾಗಬೇಕು. "ನೀರು ಮನೆಗೆ ಬೆನ್ನು ತೋರಿಸಿ ಹೋಗ್ಬೇಕು" ಎಂದು ಮೇಸ್ತ್ರಿ ಯಾವಾಗಲೂ ಹೇಳುತ್ತಿದ್ದ. ಎಲ್ಲರೂ ಆ ಇಳಿಜಾರನ್ನು ರಸಮಟ್ಟ ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನೋಡಿ ಹಿಡಿಯುತ್ತಾರೆ. ಇವನು ಮನೆಯನ್ನು ಬಲಗೈಗೆ ಬರುವ ಹಾಗೆ ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅಂಗೈಯನ್ನು ನೆಲದ ಮೇಲೆ ಚಾಚಿ ನೋಡುತ್ತಿದ್ದ. ಅಷ್ಟೇ. ಹಿಡಿದ ಇಳಿಜಾರು ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ಜನ ಅವನಿಗೆ ರಸಮಟ್ಟ ಮೇಸ್ತ್ರಿ ಎಂದೇ ಹೆಸರಿಟ್ಟಿದ್ದರು, ಅವನ ಚೀಲದಲ್ಲಿ ಮಾತ್ರ ರಸಮಟ್ಟ ಇರಲಿಲ್ಲ. "ಕಣ್ಣಿಲ್ಲದವನಿಗೆ ಕೋಲು" ಎಂದು ಅದನ್ನು ಹಂಗಿಸುತ್ತಿದ್ದ.

ಹೀಗಿರುವಾಗ, ಮೇಜಿಗೆ ಕಲ್ಲು ಇಡುವುದಕ್ಕೆ ಕೆಲವು ದಿನ ಮೊದಲು, ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ತಲೆ ಸುತ್ತು ಬಂದು ಗೋಡೆ ಹಿಡಿದು ನಿಂತ. ವಾಂತಿಯಾಯಿತು. ಎರಡು ದಿನ ಮಲಗಿದ. "ಪಿತ್ತ ನೆತ್ತಿಗೇರಿದೆ, ಬಿಸಿಲಲ್ಲಿ ನಿಂತೂ ನಿಂತೂ" ಎಂದಳು ಹೆಂಡತಿ. ಮೂರನೆಯ ದಿನ ಎದ್ದು ಗಡ್ಡ ಹೆರೆದುಕೊಂಡು ಕೆಲಸಕ್ಕೆ ಹೋದ. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಆಮೇಲೆ ಮಂಚದ ಕಾಲಿಗೆ ಕಲ್ಲಿನ ಚೂರು ಬಂತು, ಅಡುಗೆಮನೆಯ ಹಲಗೆ ಓರೆಯಾಯಿತು, ಗೋಡೆಯ ಮೇಲಿನ ಫೋಟೊ ವಾಲಿತು, ಕೊನೆಗೆ ಮೇಜು. ಅವನಿಗೆ ಜಗತ್ತೆಲ್ಲ ಎಡಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ಅವನು ಎಡಗಡೆ ಎತ್ತರಿಸುತ್ತಾ ಹೋದ.

ಮನೆಯಲ್ಲಿ ಮೇಜು ಓರೆಯಾದರೆ ಸಾರು ಚೆಲ್ಲುತ್ತದೆ, ಹಾಳಾಗಿ ಹೋಗಲಿ. ಹಿತ್ತಲಿನಲ್ಲಿ ಎಡಗಡೆ ಎತ್ತರಿಸಿದರೆ? ಮನೆ ಇರುವುದು ಬಲಗೈಗೆ. ಮಗ ಅದನ್ನು ಮೊದಲ ಮನೆಯಲ್ಲೇ ಕಂಡ. ಅಪ್ಪ ಎಂದಿನಂತೆ ಕೂತು, ಅಂಗೈ ಚಾಚಿ, "ನೋಡೋ, ಹಾಲು ಹೊಯ್ದ ಹಾಗಿದೆ" ಎಂದ. ಅವನು ಕೈಕಾಲು ತೊಳೆಯಲು ಹೋದಾಗ ಮಗ ಒಂದು ಲೋಟ ನೀರು ಚೆಲ್ಲಿದ. ನೀರು ನೇರವಾಗಿ ಮನೆಯ ಗೋಡೆಗೆ ಹೋಗಿ ನಿಂತಿತು. ಮಗ ಲೋಟ ಕೆಳಗಿಟ್ಟ. ಹೇಳಲು ಬಾಯಿ ತೆರೆದ. ಅಪ್ಪ ಒದ್ದೆ ಮುಖ ಒರೆಸಿಕೊಳ್ಳುತ್ತಾ ಬಂದು, "ಏನೋ?" ಎಂದ.

"ಏನಿಲ್ಲಪ್ಪ. ನೀನು ನಾಳೆ ಮನೇಲಿರು. ಮುಂದಿನ ಕೆಲಸಕ್ಕೆ ಕಲ್ಲು ನೋಡ್ಕೊಂಡು ಬರ್ತೀನಿ."

ಮರುದಿನ ಮಗ ಹೋದದ್ದು ಕಲ್ಲಿಗಲ್ಲ. ಅದೇ ಮನೆಗೆ ಹೋಗಿ, ಒಬ್ಬ ಕೂಲಿಯವನನ್ನು ಕರೆದುಕೊಂಡು, ಅಷ್ಟೂ ಕಲ್ಲು ಎಬ್ಬಿಸಿ, ಮರಳು ಕೆರೆದು, ಗಾಡಿಯ ಸೀಟಿನಡಿ ಗೋಣಿಯಲ್ಲಿ ಸುತ್ತಿಟ್ಟಿದ್ದ ರಸಮಟ್ಟ ತೆಗೆದು, ಮತ್ತೆ ಹಾಸಿದ. ಮನೆಯವರು ಬೆರಗಾಗಿ, "ನಿನ್ನೆ ತಾನೆ ಹಾಕಿದ್ರಲ್ಲಪ್ಪಾ?" ಎಂದು ಕೇಳಿದರು. ಮಗನ ಬಾಯಿಗೆ ಸಿಕ್ಕಿದ್ದು ಒಂದೇ ಮಾತು.

"ನಮ್ಮಲ್ಲಿ ಎರಡು ಸಲ ಕೂರಿಸೋದೇ ಪದ್ಧತಿ. ಮೊದಲನೇ ಸಲ ಮಣ್ಣಿಗೆ ಅಭ್ಯಾಸ ಆಗ್ಲಿ ಅಂತ."

ಮಣ್ಣಿಗೆ ಅಭ್ಯಾಸವಂತೆ! ಆದರೆ ಜನ ನಂಬಿದರು. ನಂಬಿದ್ದಷ್ಟೇ ಅಲ್ಲ, ಹೊಗಳಿದರು. ಬೇರೆಯವರು ಒಂದು ಸಲ ಹಾಸಿ ಕೈ ತೊಳೆದುಕೊಂಡರೆ ಇವರು ಎರಡು ಸಲ ಹಾಸುತ್ತಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಕೆಲಸ ಇಮ್ಮಡಿಯಾಯಿತು. ಮೇಸ್ತ್ರಿಯ ಕಿವಿಗೆ ಬಿದ್ದದ್ದು ಹೊಗಳಿಕೆ ಮಾತ್ರ, ಅವನು ಮೀಸೆ ತಿರುವಿದ. "ನೋಡಿದ್ಯೇನೇ? ತಲೆ ಸುತ್ತು ಬಂದ ಮೇಲೆ ನನ್ನ ಕೈ ಇನ್ನೂ ಕುದುರಿದೆ" ಎಂದು ಹೆಂಡತಿಗೆ ಹೇಳಿದ. ಅವಳು ಒಲೆ ಕಡೆ ತಿರುಗಿ, "ಹೂಂ" ಎಂದಳು.

ಮಗನ ಪಾಡು ನಾಯಿಪಾಡಾಯಿತು. ಹಗಲು ಅಪ್ಪನ ಜೊತೆ ತಪ್ಪು ಹಾಸಬೇಕು, ಮರುದಿನ ಅಪ್ಪನಿಗೆ ಗೊತ್ತಾಗದಂತೆ ಸರಿ ಹಾಸಬೇಕು. ಬೆರಳ ತುದಿಯ ಚರ್ಮ ಸವೆದು ಕೆಂಪಾಯಿತು. ತನ್ನ ಹೆಂಡತಿಯ ಮುಂದೂ ಬಾಯಿ ಬಿಟ್ಟಿರಲಿಲ್ಲ. ಅವಳು ಸುಮ್ಮನಿರುವ ಪೈಕಿಯಲ್ಲ.

"ಕಲ್ಲು ನೋಡೋಕೆ ಹೋಗ್ತೀನಿ ಅಂತೀರ, ಬರೋವಾಗ ಕಲ್ಲೂ ಇಲ್ಲ, ಮಣ್ಣೂ ಇಲ್ಲ. ಯಾರವಳು?"

"ಯಾರು ಯಾವಳು? ನನ್ನ ಈ ಕೈ ನೋಡಿ ಯಾವಳೇ ಬರ್ತಾಳೆ?"

ಅವಳು ಕೈ ಹಿಡಿದು ನೋಡಿದಳು. ನೋಡಿ ಗಾಬರಿಯಾದಳು. ಅವನು ಎಲ್ಲ ಹೇಳಿದ, ಹೇಳುತ್ತಾ ಅತ್ತ. ಅವಳು ಕೈಗೆ ಎಣ್ಣೆ ಹಚ್ಚಿ ನೇರವಾಗಿ ಅತ್ತೆಯ ಬಳಿಗೆ ಹೋದಳು.

"ಮಾವನಿಗೆ ಹೇಳ್ಬೇಕು ಅತ್ತೆ. ಇವರು ಸತ್ತೇ ಹೋಗ್ತಾರೆ."

"ನನಗೆ ಗೊತ್ತು" ಎಂದಳು ಅತ್ತೆ. ಮಗ ಮೊದಲೇ ಅವಳಿಗೆ ಹೇಳಿದ್ದ. ಗೋಪ್ಯವಾಗಿಡು ಎಂದವಳೂ ಅವಳೇ.

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಅಲ್ಲೇ ಕೂತು ಕಾಳು ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು. "ಅಮ್ಮ, ಅಪ್ಪನ ಕಣ್ಣು ಚೆನ್ನಾಗೇ ಇದೆ. ಅಂಗಡಿಗೆ ಕರ್ಕೊಂಡು ಹೋಗಿ ಓದಿಸಿದೆ, ಕೊನೇ ಸಾಲಿನವರೆಗೂ ಓದಿದ್ರು."

"ನೋಡು ಮತ್ತೆ! ಏನೂ ಆಗಿಲ್ಲ."

"ಕಣ್ಣಿಗೆ ಏನೂ ಆಗಿಲ್ಲ ಅಂದ್ರೆ ತಲೆಗೆ ಆಗಿದೆ ಅಂತ ಅರ್ಥ. ದೊಡ್ಡ ಡಾಕ್ಟ್ರಿಗೆ ತೋರಿಸ್ಬೇಕು. ಅದಕ್ಕೆ ಮೊದಲು ಅಪ್ಪನಿಗೆ ನೀನು ಸೊಟ್ಟ ನೋಡ್ತಿದ್ದೀಯ ಅಂತ ಹೇಳ್ಬೇಕು."

"ಬಾಯಿ ಮುಚ್ಚೆ" ಎಂದಳು ತಾಯಿ. "ನಮ್ಮಪ್ಪ ದರ್ಜಿ. ಕೈ ನಡುಗತ್ತೆ ಅಂತ ನಮ್ಮಣ್ಣಂದಿರು ಅವನ ಕತ್ತರಿ ಕಿತ್ಕೊಂಡ್ರು. ಆರಾಮಾಗಿ ಕೂತ್ಕೋ ಅಂದ್ರು. ಕೂತ. ಬಾಗಿಲಲ್ಲಿ ಕೂತು ಹೋಗೋರ ಬರೋರ ಬಟ್ಟೆ ಹೊಲಿಗೆ ನೋಡ್ತಾ ನೋಡ್ತಾ ಮಳೆಗಾಲ ಬರೋದ್ರೊಳಗೆ ಹೋಗ್ಬಿಟ್ಟ. ಈ ಮನುಷ್ಯನಿಗೆ ಕಲ್ಲು ಬಿಟ್ರೆ ಏನಿದೆ? ಒಂದು ಹಾಡು ಬರಲ್ಲ, ಒಂದು ಆಟ ಬರಲ್ಲ. ಅವರಿಗೆ ನೆಟ್ಟಗೆ ಕಂಡ್ರೆ ಸಾಕು. ಸೊಟ್ಟಗಿರೋದನ್ನ ನಾವು ಸಹಿಸ್ಕೊಳ್ಳೋಣ."

"ಎಷ್ಟು ದಿನ?"

"ಇದ್ದಷ್ಟು ದಿನ."

ಮಗಳು ಮೊರ ಎತ್ತಿಕೊಂಡಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು ಎಲ್ಲರಿಗೂ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪ್ರೀತಿ ಇಲ್ಲದ ಮನೆಯಾಗಿದ್ದರೆ ಒಂದೇ ದಿನದಲ್ಲಿ ಯಾರಾದರೂ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದರು. ಇಲ್ಲಿ ಪ್ರೀತಿ ಜಾಸ್ತಿಯಾಗಿತ್ತು, ಅದೇ ಗ್ರಹಚಾರ.

ವಾರಗಳು ಕಳೆದವು. ಮನೆಯವರು ಓರೆಗೆ ಒಗ್ಗಿಕೊಂಡರು. ಸೊಸೆ ಅರ್ಧ ಲೋಟ ನೀರು ಮಾತ್ರ ತುಂಬಿಸುವುದನ್ನು ಕಲಿತಳು. ಅಜ್ಜಿಯ ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರು. ಮೇಸ್ತ್ರಿ ಆಗಾಗ ಮೇಜಿನ ಮೇಲೆ ಅಂಗೈ ಸವರಿ, "ನೆಟ್ಟಗಿದೆ ತಾನೆ?" ಎಂದು ಕೇಳುವನು. "ನೆಟ್ಟಗಿದೆ ಅಪ್ಪ", "ಹೌದು ಮಾವ" ಎಂದು ಎಲ್ಲ ಒಟ್ಟಿಗೆ ಹೇಳುವರು. ಎಷ್ಟು ಚೆನ್ನಾಗಿ ಹೇಳುವರೆಂದರೆ, ಅವನು ಕೇಳುವುದೇ ಕಡಿಮೆಯಾಯಿತು.

ಆಮೇಲೆ ಮಗನ ಸೊಂಟ ಹಿಡಿದುಕೊಂಡಿತು. ಬಗ್ಗಿದವನು ಏಳಲಾಗದೆ ಮರಳಿನ ಮೇಲೆಯೇ ಮಗುಚಿಕೊಂಡ. ಇಬ್ಬರು ಎತ್ತಿ ಮನೆಗೆ ತಂದರು. ಅದೇ ವಾರ ಹೊಸ ಕೆಲಸ ಒಪ್ಪಿಕೊಂಡಾಗಿತ್ತು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸಮ್ಮನ ಹಿತ್ತಲು.

"ನೀನು ಮಲಗೋ" ಎಂದ ಮೇಸ್ತ್ರಿ. ಮಗನ ಸೊಂಟಕ್ಕೆ ತಾನೇ ಬಿಸಿನೀರಿನ ಬಟ್ಟೆ ಒತ್ತಿದ. "ನಾನೇ ಹಾಕ್ತೀನಿ. ಕೂಲಿಯವನು ಒಬ್ಬ ಸಾಕು. ಈಗಿನ ಹುಡುಗರಿಗೆ ಮೈಯಲ್ಲಿ ಕಸುವಿಲ್ಲ ಬಿಡು."

"ಬೇಡಪ್ಪ, ನಾನು ಎದ್ಮೇಲೆ ಹೋಗೋಣ."

"ಮಾತು ಕೊಟ್ಟಿದ್ದೀನಿ."

ಅವನು ಹೋದಮೇಲೆ ಮಗ ತಾಯಿಯನ್ನು ಕರೆದ. "ಅಮ್ಮ, ಇದೊಂದು ಸಲ ನಿಲ್ಸು. ನನ್ನ ಕೈಲಿ ಮತ್ತೆ ಹಾಸೋಕಾಗಲ್ಲ."

"ಒಂದು ಮನೆ ತಾನೆ. ನೀನು ಎದ್ಮೇಲೆ ಸರಿ ಮಾಡಿದ್ರಾಯ್ತು" ಎಂದಳು ತಾಯಿ.

ಮೇಸ್ತ್ರಿ ಅಷ್ಟು ಉಲ್ಲಾಸದಿಂದ ಕೆಲಸ ಮಾಡಿ ಎಷ್ಟೋ ಕಾಲವಾಗಿತ್ತು. ಸಂಜೆ ಬಂದವನು ಮೊಣಕೈವರೆಗೆ ಸಿಮೆಂಟ್ ಬಣ್ಣ ಬಳಿದುಕೊಂಡೇ ಊಟಕ್ಕೆ ಕೂತು, ಕೆಂಪು ಕಲ್ಲಿನ ಅಂಚು ಹೇಗೆ ಬಂತು, ಮೂಲೆ ಹೇಗೆ ತಿರುಗಿತು ಎಂದು ತಟ್ಟೆಯಲ್ಲಿ ಅನ್ನದಿಂದ ಮಾಡಿ ತೋರಿಸಿದ. "ನನ್ನ ಜನ್ಮದಲ್ಲಿ ಇಂಥದ್ದು ಹಾಕಿಲ್ಲ" ಎಂದ. ಒಳಗೆ ಮಲಗಿದ್ದ ಮಗ ದಿಂಬನ್ನು ಕಿವಿಗೆ ಒತ್ತಿಕೊಂಡ.

ಮಗ ಏಳುವುದಕ್ಕೆ ಮಳೆ ಕಾಯಲಿಲ್ಲ.

ನರ್ಸಮ್ಮ ಬೆಳಿಗ್ಗೆಯೇ ಫೋನ್ ಮಾಡಿದಳು. ಹಿತ್ತಲಿನ ನೀರೆಲ್ಲ ಅಡುಗೆಮನೆಗೆ ನುಗ್ಗಿತ್ತು. ಮೇಸ್ತ್ರಿ ಮೊದಲು ನಕ್ಕ, ಆಮೇಲೆ ರೇಗಿದ, ಆಮೇಲೆ ಅಂಗಿ ಹಾಕಿಕೊಂಡು ಹೊರಟ. ಮಗ ಸೊಂಟಕ್ಕೆ ಟವೆಲ್ ಬಿಗಿದುಕೊಂಡು, ಗೋಡೆ ಹಿಡಿದುಕೊಂಡು, ಹಿಂದೆಯೇ ಹೋದ.

"ಮೋರಿ ಕಟ್ಟಿರ್ಬೇಕು ಅಮ್ಮಾ" ಎಂದ ಮೇಸ್ತ್ರಿ. "ನನ್ನ ಕಲ್ಲು ತಪ್ಪಲ್ಲ. ಒಂದು ಬಕೆಟ್ ನೀರು ಕೊಡಿ."

ಮನೆಗೂ ಬೇಲಿಗೂ ನಡುವೆ ನಿಂತು ನೀರು ಸುರಿದ. ನೀರು ಹೊಳೆಯುತ್ತಾ ಹರಡಿ, ಕೆಂಪು ಅಂಚನ್ನು ದಾಟಿ, ಸರಾಗವಾಗಿ ಅಡುಗೆಮನೆಯ ಬಾಗಿಲಿಗೆ ಹೋಯಿತು. ಮೇಸ್ತ್ರಿ ಇನ್ನೊಂದು ಬಕೆಟ್ ತರಿಸಿ ಸುರಿದ. ಅದೂ ಅಲ್ಲಿಗೇ ಹೋಯಿತು. ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಅಂಗೈ ಚಾಚಿದ. ಅವನ ಕಣ್ಣಿಗೆ ಬಾಗಿಲಿನ ಕಡೆಯೇ ಎತ್ತರವಾಗಿತ್ತು.

"ಇದೇನೋ ಇದು?" ಎಂದು ಮಗನ ಕಡೆ ತಿರುಗಿದ. "ನೀರು ದಿಬ್ಬ ಹತ್ತುತ್ತಾ?"

ಮಗ ಸೊಂಟದ ಟವೆಲನ್ನು ಇನ್ನಷ್ಟು ಬಿಗಿದುಕೊಂಡ.

"ನಿಮ್ಮನ್ನ ಹೊಗಳಿದ್ರು ಅಂತ ಕರೆಸಿದ್ದು" ಎಂದಳು ನರ್ಸಮ್ಮ. ಒರೆಸೀ ಒರೆಸೀ ಅವಳ ಸೀರೆಯ ಅಂಚು ಒದ್ದೆಯಾಗಿತ್ತು. "ನನ್ನ ಗೆಳತಿ ಮನೆಗೆ ಎರಡು ಸಲ ಕೂರಿಸಿಕೊಟ್ರಂತೆ. ಮಾರನೇ ದಿನ ನಿಮ್ಮ ಮಗ ಬಂದು ಎಲ್ಲಾ ಎಬ್ಬಿಸಿ ಮತ್ತೆ ಹಾಕಿದ್ರಂತೆ. ನನ್ನ ಮನೆಗೂ ಬರ್ತೀರ ಅಂತ ಕಾದೆ. ಯಾರೂ ಬರ್ಲಿಲ್ಲ."

"ಎರಡು ಸಲಾನಾ? ಕಲ್ಲನ್ನ ಎರಡು ಸಲ ಯಾರಮ್ಮಾ ಕೂರಿಸ್ತಾರೆ? ಒಂದು ಸಲ ತಪ್ಪಿದ್ರೆ ತಾನೆ..."

ಮೇಸ್ತ್ರಿ ಮೆಲ್ಲಗೆ ಎದ್ದು ನಿಂತ. ಮಗನ ಸೊಂಟದ ಟವೆಲ್ ನೋಡಿದ. ಬೆರಳುಗಳನ್ನು ನೋಡಿದ. ಕಲ್ಲು ಹಾಸುವವನ ಕೈ ಹೇಗೆ ಸವೆಯುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಎಷ್ಟು ಮನೆ?"

"ಅಪ್ಪ..."

"ಎಷ್ಟು ಮನೆನೋ?"

"ಎಲ್ಲಾ ಅಪ್ಪ. ಆ ತಲೆಸುತ್ತು ಬಂದಾಗಿನಿಂದ."

ಮೇಸ್ತ್ರಿ ಒದ್ದೆ ಕಲ್ಲಿನ ಮೇಲೆಯೇ ಕೂತುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ಮಗನಿಗೆ ಎಷ್ಟೋ ಹಗುರಾಗುತ್ತಿತ್ತು. ನರ್ಸಮ್ಮ ಮಾತ್ರ ಒರೆಸುವ ಬಟ್ಟೆ ಬಿಟ್ಟು ಹತ್ತಿರ ಬಂದು, ಅವನ ತಲೆಯನ್ನೇ ನೋಡಿದಳು. ಅದು ಒಂದು ಭುಜದ ಕಡೆಗೆ ಸ್ವಲ್ಪ ವಾಲಿತ್ತು.

"ತಲೆ ಯಾವಾಗ್ಲೂ ಹೀಗೇ ಇಟ್ಕೋತೀರಾ? ಯಾವಾಗಿಂದ ಇದು? ಯಾರೂ ನೋಡ್ಲಿಲ್ವಾ?" ಎಂದಳು.

ಎಲ್ಲರೂ ನೋಡಿದ್ದರು.

ನರ್ಸಮ್ಮನೇ ತನ್ನ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೆಂಡತಿ ಮತ್ತು ಮಗಳು ಜೊತೆಗಿದ್ದರು. ಡಾಕ್ಟರು ಅವನನ್ನು ನಿಲ್ಲಿಸಿದರು, ನಡೆಸಿದರು, ಕತ್ತಲೆ ಕೋಣೆಯಲ್ಲಿ ಒಂದು ಬೆಳಕಿನ ಗೆರೆ ತೋರಿಸಿ ನೆಟ್ಟಗೆ ಮಾಡಲು ಹೇಳಿದರು. ಅವನು ಬಹಳ ಶ್ರದ್ಧೆಯಿಂದ ಓರೆ ಮಾಡಿದ. ತಲೆಯ ಚಿತ್ರ ತೆಗೆಸಿದರು. ಅವನನ್ನು ಹೊರಗೆ ಕೂರಿಸಿ ಡಾಕ್ಟರು ಹೇಳಿದರು:

"ಅವತ್ತು ತಲೆಸುತ್ತು ಬಂತಲ್ಲ, ಮೆದುಳಿಗೆ ರಕ್ತ ಹೋಗೋ ಒಂದು ಸಣ್ಣ ನಾಳ ಕಟ್ಟಿದೆ. ಮಟ್ಟ ತಿಳಿಯೋ ಜಾಗ ಅದು. ಆಗಲೇ ಬಂದಿದ್ರೆ ಅಭ್ಯಾಸ ಮಾಡಿಸ್ತಿದ್ವಿ. ಇದು ಸೊಟ್ಟ, ಇದು ನೆಟ್ಟಗೆ ಅಂತ ದಿನಾ ತಪ್ಪು ತೋರಿಸ್ತಾ ಹೋದ್ರೆ ಮೆದುಳು ತಾನೇ ತಿದ್ಕೊಳ್ಳುತ್ತೆ. ಬಹಳ ಜನಕ್ಕೆ ಸರಿಹೋಗುತ್ತೆ. ಇವರಿಗೆ ತಪ್ಪು ಅಂತ ಯಾರೂ ಹೇಳ್ಲಿಲ್ವಾ?"

ಹೆಂಡತಿ ಮಗಳ ಕಡೆ ನೋಡಿದಳು.

"ಮನೇಲಿ ಏನಾದ್ರೂ ಬಿದ್ದಿರ್ಬೇಕಲ್ಲ, ಚೆಲ್ಲಿರ್ಬೇಕಲ್ಲ?"

"ನಾವು ಹಿಡ್ಕೋತಿದ್ವಿ" ಎಂದಳು ಮಗಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಅದು ಓರೆಯನ್ನೇ ನೇರ ಅಂತ ಕಲ್ತು ಗಟ್ಟಿ ಮಾಡ್ಕೊಂಡಿದೆ."

"ಇನ್ನು ಮುಂದೆ ಹೇಳ್ತೀವಿ ಡಾಕ್ಟ್ರೇ" ಎಂದಳು ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ದಿನಾ ಹೇಳ್ತೀವಿ. ಹೊತ್ತು ಹೊತ್ತಿಗೂ ಹೇಳ್ತೀವಿ."

"ಹೇಳಿ" ಎಂದರು ಡಾಕ್ಟರು. "ಬೀಳದ ಹಾಗೆ ನೋಡ್ಕೊಳ್ಳಿ. ಕೆಲಸಕ್ಕೆ ಮಾತ್ರ ಕಳಿಸ್ಬೇಡಿ."

ಹೊರಗೆ ಬಂದಾಗ ಮಗಳು ತಾಯಿಯನ್ನು ಬೈಯಬಹುದಿತ್ತು. ನಾನು ಹೇಳಿದ್ದೆ ಎನ್ನಬಹುದಿತ್ತು. ತಾಯಿಯ ಮುಖ ನೋಡಿ ಅವಳ ಕೈ ಹಿಡಿದುಕೊಂಡಳು. ಅಪ್ಪನ ಕತ್ತರಿ ಉಳಿಸಲಾಗದವಳು ಗಂಡನ ಕಲ್ಲನ್ನಾದರೂ ಉಳಿಸುತ್ತೇನೆಂದು ಹೋಗಿ ತಾನೇ ಕಿತ್ತುಕೊಂಡಿದ್ದಳು.

ನರ್ಸಮ್ಮನ ಹಿತ್ತಲನ್ನು ಬೇರೆ ಯಾರೋ ಬಂದು ಎಬ್ಬಿಸಿ ಹಾಸಿದರು, ಒಂದೇ ಸಲ. ಮೇಸ್ತ್ರಿ ಎರಡು ದಿನ ಊಟದ ಮೇಜಿಗೇ ಬರಲಿಲ್ಲ. ಮೂರನೆಯ ದಿನ ಊಟದ ಹೊತ್ತಿಗೆ ಬಂದು ಬಲಗಡೆ ನಿಂತು, ಅಜ್ಜಿಯ ತಟ್ಟೆ ಎತ್ತಿದ. ಕೆಳಗೆ ಒದ್ದೆ ಬಟ್ಟೆ. ಸೊಸೆಯ ಲೋಟದಲ್ಲಿ ಅರ್ಧ ನೀರು. ಎಲ್ಲರ ಎಡಗೈಯೂ ತಟ್ಟೆಯ ಅಂಚಿನಲ್ಲಿತ್ತು.

"ದಿನಾ ಹೀಗೇ ಉಣ್ತಿದ್ರಾ?"

"ಏನು ಮಾಡೋದು ಮಗಾ" ಎಂದಳು ಅಜ್ಜಿ. "ಲೋಟ ನಡೀತಿತ್ತು. ನಾನು ಮೊದಲ್ನೇ ದಿನವೇ ಹೇಳಿದ್ದೆ."

ಅವನು ನೆಲಕ್ಕೆ ಮಂಡಿಯೂರಿ ಮೇಜಿನ ಕೆಳಗೆ ತೂರಿದ. ಮಗ ಹಿಡಿಯಲು ಹೋದಾಗ ಕೈ ತಳ್ಳಿದ. ಕಲ್ಲಿನ ಚೂರುಗಳನ್ನು ತಾನೇ ಎಳೆದು ತೆಗೆದ. ಮೇಜು ದಡಕ್ಕೆಂದು ನೆಲಕ್ಕೆ ಕೂತಿತು. ಎದ್ದು ನಿಂತು ನೋಡಿದ. ಅವನ ಕಣ್ಣಿಗೆ ಮೇಜು ಎಡಕ್ಕೆ ಬಿದ್ದೇಹೋಗುವಂತೆ ಇಳಿದಿತ್ತು.

"ನಿನ್ನ ಆ ಕೋಲು ತಗೊಂಡು ಬಾ" ಎಂದ.

ಮಗ ಗೋಣಿಯಿಂದ ರಸಮಟ್ಟ ತೆಗೆದು ತಂದು ಮೇಜಿನ ಮೇಲಿಟ್ಟ. ಗುಳ್ಳೆ ಗೆರೆಗಳ ನಡುವೆ ಬಂದು ನಿಂತಿತು. ಮೇಸ್ತ್ರಿ ಅದರ ಕಡೆ ನೋಡಲಿಲ್ಲ, ಮಗನ ಮುಖ ನೋಡಿದ.

"ಈಗ ನೆಟ್ಟಗಿದ್ಯಾ?"

"ನೆಟ್ಟಗಿದೆ ಅಪ್ಪ."

"ಹೋದ ವಾರಾನೂ ಹೀಗೇ ಅಂದಿದ್ದೆ."

"ಈಗ ನಿಜವಾಗ್ಲೂ ನೆಟ್ಟಗಿದೆ ರೀ" ಎಂದಳು ಹೆಂಡತಿ. "ಮಕ್ಕಳಾಣೆ."

ಅವನು ಒಬ್ಬೊಬ್ಬರದೇ ಮುಖ ನೋಡುತ್ತಾ ಹೋದ. ತಾಯಿ, ಹೆಂಡತಿ, ಮಗಳು, ಸೊಸೆ, ಮಗ. ಎಲ್ಲರೂ ತಲೆಯಾಡಿಸಿದರು. ಮೇಜು ಸೊಟ್ಟಗಿದ್ದಾಗಲೂ ಹೀಗೆಯೇ ಒಟ್ಟಿಗೆ ತಲೆಯಾಡಿಸಿದ್ದರು.

"ಇರಬಹುದು" ಎಂದು ಹೇಳಿ ಕೂತ.

ಸೊಸೆ ಬಡಿಸಿದಳು. ಲೋಟಗಳಿಗೆ ಪೂರ್ತಿ ನೀರು ತುಂಬಿಸಿದಳು. ಅಜ್ಜಿ ಹೆದರುತ್ತಾ ಲೋಟದಿಂದ ಕೈ ತೆಗೆದು ನೋಡಿದಳು, ಅದು ನಿಂತಿತ್ತು. ಎಲ್ಲರೂ ತಟ್ಟೆ ಬಿಟ್ಟು ಉಣ್ಣತೊಡಗಿದರು. ಮೇಸ್ತ್ರಿ ಮಾತ್ರ ತನ್ನ ತಟ್ಟೆ ಜಾರದ ಹಾಗೆ ಎಡಗೈಯಲ್ಲಿ ಭದ್ರವಾಗಿ ಹಿಡಿದುಕೊಂಡು ಉಂಡ.